ರಸೀತಿ ನೂರ ಹದಿನೆಂಟು

ಅಕ್ಷರ ದುಂಡಗಿದೆ, ಲೆಕ್ಕ ತಪ್ಪುವುದಿಲ್ಲ ಅಂತ
ಬೆಲ್ಲದ ಮಂಡಿಯಿಂದ ನನ್ನನ್ನು ಕರೆಸಿಕೊಂಡರು.
ಗುತ್ತಲು ರಸ್ತೆಯ ಸಮುದಾಯ ಭವನ.
ಹಿಂದಿನ ದಿನದ ಮದುವೆಯ ಥರ್ಮಕೋಲಿನಲ್ಲಿ
ಗಂಡು ಹೆಣ್ಣು ಎರಡೂ ಉದುರಿ
'ವೆಡ್ಸ್' ಮಾತ್ರ ಗೋಡೆಯಲ್ಲಿ ಉಳಿದಿತ್ತು.
ಅದರ ಕೆಳಗೆ ದೇವೀರಮ್ಮನ ಕಟೌಟು,
ಕಟೌಟಿನ ಕೆಳಗೆ ನಾನು, ಒಂದು ಮೇಜು,
ರಸೀತಿ ಪುಸ್ತಕ ಎರಡು, ಸವೆದ ಕಾರ್ಬನ್ ಹಾಳೆ.

'ನೋಟೂ ಕೊಡಿ, ವೋಟೂ ಕೊಡಿ' ಮೈಕು ಕೂಗುತ್ತಿತ್ತು.
ಐವತ್ತು, ನೂರು, ನೂರಾ ಒಂದು.
ಡೈರಿಯ ಬಟವಾಡೆಯಿಂದ ನೇರ ಬಂದ ಸಾಕಮ್ಮ
ಹೆಸರು ಬರೆದು ಮುಗಿಸುವ ತನಕ
ಇನ್ನೂರರ ನೋಟಿನ ಆ ತುದಿ ಬಿಡಲಿಲ್ಲ.
ಆಲೆಮನೆಯಲ್ಲಿ ಒಲೆ ಉರಿಸುವ ಹುಡುಗನ ಹತ್ತು ರೂಪಾಯಿ
ಅಂಟಂಟು. ನನ್ನ ಬೆರಳಿಗೆ ಪರಿಚಯದ ಅಂಟು.

ಅವಳು ಬಂದರೆ ಹೇಳಬೇಕಾದ ಮಾತನ್ನು
ಹದಿನೇಳು ವರ್ಷದಿಂದ ಕಟ್ಟಿಟ್ಟುಕೊಂಡಿದ್ದೆ.

ಹಾಸ್ಟೆಲ್ಲಿನ ಅಂಗಳ, ರಾತ್ರಿ ಒಂಬತ್ತು.
ಕೊನೇ ಬಸ್ಸಿಳಿದು ಬಂದವಳು
ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಗ್ರಾಣ ತೆಗೆಸಿ,
ಅಕ್ಕಿ ಮೂಟೆ ತಕ್ಕಡಿಗೆ ಎತ್ತಿಸಿದಳು.
ಎಂಟು ಕಿಲೋ ಕಮ್ಮಿ.
ಆಗಲೇ ಕರೆಂಟು ಹೋಯಿತು. ಕತ್ತಲಲ್ಲೇ ಕೂಗಿದಳು:
'ಬರ್ಕೊಳ್ರವ್ವಾ, ಎಲ್ಲಾನೂವೆ ಬರ್ಕೊಳ್ರಿ!
ಬರೀದೆ ಇದ್ದುದ್ದ ನಡೀನೇ ಇಲ್ಲ ಅಂತಾರೆ ಇವ್ರು.'
ಕೈಗೆ ಸಿಕ್ಕಿದ್ದು ಭೂಗೋಳದ ನೋಟ್‌ಬುಕ್ಕು.
ಮುಂಗಾರು ಮಾರುತದ ಬಾಣಗಳ ಹಿಂಬದಿಗೆ
ನಾನು ಬರೆದ ಮೊದಲ ಲೆಕ್ಕ ಅದು.

ಬಂದಳು. ಕಟೌಟಿಗಿಂತ ಬಹಳ ಗಿಡ್ಡ. ಮಂಡಿನೋವು ಬೇರೆ.
ಕುರ್ಚಿ ಎಳೆದು ನನ್ನ ಪಕ್ಕವೇ ಕೂತಳು,
ನೋವಿನ ಮುಲಾಮು, ಕನಕಾಂಬರ, ಬೆವರು.
'ಯಾವೂರವ್ವ?'
'ಹನಕೆರೆ. ಆವತ್ತು ನೀವು, ಹಾಸ್ಟೆಲ್ಲಲ್ಲಿ, ಅಕ್ಕಿ...'
ಕಟ್ಟಿಟ್ಟಿದ್ದರಲ್ಲಿ ಅಷ್ಟೇ ಹೊರಬಂತು.
ಹಲ್ಲೆಲ್ಲ ಬಿಟ್ಟು ನಕ್ಕಳು:
'ಎಂಟು ಕಿಲೋ! ಆ ವಾರ್ಡನ್ ಮಗ ಈಗ
ನಮ್ ಬೂತ್ ಕಮಿಟೀಲೇ ಅವ್ನೆ ಕಣೇ.'
ನಾನೂ ನಕ್ಕೆ. ತನ್ನ ತಟ್ಟೆಯ ಮದ್ದೂರು ವಡೆ ಮುರಿದು
ಅರ್ಧ ನನಗೆ ಕೊಟ್ಟಳು.
ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

ಆಮೇಲೆ ಕಲ್ಲುಕ್ವಾರಿಯ ಕಡೆಯವನೊಬ್ಬ.
ಲಗ್ನಪತ್ರಿಕೆಯ ಕವರು, ಮೇಲೆ ಗಣಪತಿ,
ಒಳಗೆ ಇಟ್ಟಿಗೆಯ ದಪ್ಪ.
ಅಭ್ಯಾಸಬಲ, ಕಾರ್ಬನ್ ಸರಿಮಾಡಿ ಕೇಳಿದೆ: 'ಹೆಸರು?'
ಅವನು ದೇವೀರಮ್ಮನ ಕಡೆ ನೋಡಿದ,
ದೇವೀರಮ್ಮ ನನ್ನ ಕಡೆ.
ಪೆನ್ನು ಹಿಡಿದ ಕೈಮೇಲೆ ಕೈಯಿಟ್ಟಳು.
ಬೆಚ್ಚಗಿತ್ತು. ನಾಟಕವಿರಲಿಲ್ಲ.
'ಬುಡವ್ವ, ಕೈ ನೋಯ್ತದೆ ನಿಂಗೆ.'

ವ್ಯಾಪಾರ ನನಗೇನು ಹೊಸದಲ್ಲ.
ಟವೆಲ್ಲಿನ ಕೆಳಗೆ ಬೆರಳು ಬೆರಳು ಹಿಡಿದು ದರ ಕುದುರುವಾಗ
ಮೇಲಿನ ಮುಖಗಳು ಮಳೆ ಬೆಳೆ ವಿಚಾರಿಸುತ್ತಿರುತ್ತವೆ.
ಬೆಲ್ಲ ಬೆಳ್ಳಗೇ ಬೇಕು ಅನ್ನುವವರಿಗೂ ಗೊತ್ತು
ಬರೀ ಕಬ್ಬಿನ ಹಾಲಿಗೆ ಆ ಬಿಳುಪು ಬರುವುದಿಲ್ಲ.
ಗೊತ್ತಿದ್ದೂ ಏನೋ ಗಂಟಲಲ್ಲಿ ನಿಂತಿತು.
ವಡೆಯೇ ಇರಬೇಕು.

ಕವರು ಚೀಲಕ್ಕೆ ಹೋಯಿತು, ಅವಳು ವೇದಿಕೆಗೆ.
'ನಿಮ್ಮ ಹತ್ತು ಹತ್ತು ರೂಪಾಯೇ ನನ್ ಬಲ' ಅಂದಳು.
ಪೂರ್ತಿ ಸುಳ್ಳೂ ಅಲ್ಲ. ಜನ ಎದ್ದು ನಿಂತರು.
ನಾನೂ ಚಪ್ಪಾಳೆ ತಟ್ಟಿದೆ. ಈಗಲೂ ತಟ್ಟಿಯೇನು.

ಕೂತು, ನೂರ ಹದಿನೆಂಟನೇ ಹಾಳೆಗೆ ದಿನಾಂಕ ಹಾಕಿದೆ.
ಹೆಸರಿನ ಗೆರೆ ಹಾಗೇ ಬಿಟ್ಟೆ.
ಮೊತ್ತದ ಗೆರೆಯ ಮೇಲೆ
ಅಡಿಪ್ರತಿಗೂ ಇಳಿಯುವಷ್ಟು ಒತ್ತಿ ಬರೆದೆ:
ತೂಗಿಲ್ಲ.

ಎದುರಿಗೆ ಒಬ್ಬ ಮುದುಕ ಐವತ್ತರ ನೋಟು ಹಿಡಿದು
ಆಗಿನಿಂದ ನಿಂತಿದ್ದನಂತೆ.
'ಬರ್ಕೋ ಮಗಾ,' ಅಂದ,
'ಕುಳ್ಳಯ್ಯ. ಕುಗೆ ಎರಡು ಳ ಕಣ್ ಮತ್ತೆ.'